ಅವ್ವ ತೆಗೆದುಕೊಂಡ ಬನ್ನಿ

ನನ್ನ ಅಣ್ಣನನ್ನು ಕಾಲುವೆಯ ದಂಡೆಯ ಮೇಲೆ ಕೊಡಲಿಯಿಂದ ಕಡಿದಾಗ ಅದನ್ನು ಕಣ್ಣಾರೆ ಕಂಡವಳು ಒಬ್ಬಳೇ, ಆತನ ಹೆಂಡತಿ. ಬುತ್ತಿಗಂಟು ತಲೆಯ ಮೇಲಿಟ್ಟುಕೊಂಡು ತೊಗರಿ ಹೊಲದ ಬದುವಿನ ಮೇಲೆ ಬರುತ್ತಿದ್ದಳು. ತೊಗರಿ ಆಳೆತ್ತರ ಬೆಳೆದಿತ್ತು. ಅದರ ಮರೆಯಲ್ಲಿದ್ದ ಆಕೆ ಕಡಿದವನಿಗೆ ಕಾಣಲಿಲ್ಲ, ಅವನು ಆಕೆಗೆ ಕಂಡ. ಜಗಳ ನೀರಿನ ಪಾಳಿಯದು. ಆ ದಿನ ಕಾಲುವೆ ನೀರು ನಮ್ಮ ಹೊಲಕ್ಕೆ ಹರಿಯಬೇಕಿತ್ತು. ಮೇಲಿನ ಹೊಲದವನು ತೂಬಿನ ಹಲಗೆ ಇಳಿಸಿ ತನ್ನ ಕಬ್ಬಿಗೆ ತಿರುವಿಕೊಂಡಿದ್ದ. ಅಣ್ಣ ಆ ಹಲಗೆ ಎತ್ತಲು ಬಗ್ಗಿದ. ಬಗ್ಗಿದವನು ಮತ್ತೆ ಏಳಲಿಲ್ಲ.

ನಮ್ಮೂರು ಮುದ್ದೇಬಿಹಾಳ ತಾಲೂಕಿನದು, ತಂಗಡಗಿ ಕಡೆಯದು. ನನ್ನನ್ನು ಕೊಟ್ಟದ್ದು ಬಸವನ ಬಾಗೇವಾಡಿಗೆ. ಅಲ್ಲಿ ಅಂಗನವಾಡಿಯಲ್ಲಿ ಊರವರ ಕೂಸುಗಳ ಮೂಗು ಒರೆಸುತ್ತ ಹೊಟ್ಟೆ ಹೊರೆಯುತ್ತೇನೆ. ಅಣ್ಣನ ಹೆಂಡತಿಯನ್ನು ತಂದದ್ದು ಇಂಡಿ ಕಡೆಯ ಅಗರಖೇಡದಿಂದ. ನಮ್ಮ ಕಡೆ ಅಣ್ಣನ ಹೆಂಡತಿಗೆ ವೈನಿ ಅನ್ನುತ್ತೇವೆ. ಹೆಚ್ಚು ಮಾತಿಲ್ಲದ ಹೆಣ್ಣು. ಅವಳಿಗೆ ಒಬ್ಬಳೇ ಮಗಳು. ಮಾತಿನ ಪಾಲೆಲ್ಲ ದೇವರು ನನಗೇ ಕೊಟ್ಟ ಎಂದು ನನ್ನ ಗಂಡ ಹಂಗಿಸುತ್ತಿರುತ್ತಾನೆ. ಹಂಗಿಸಲಿ. ಮಾತಾಡದೇ ಇದ್ದವರ ಗತಿ ಏನಾಯಿತೆಂದು ನಾನು ಕಂಡಿದ್ದೇನೆ.

ಅಪ್ಪ ಎಂದೋ ತೀರಿಹೋಗಿದ್ದ. ಮನೆಯಲ್ಲಿ ಉಳಿದವರು ಅವ್ವ ಮತ್ತು ನನ್ನ ತಮ್ಮ. ಸಕ್ಕರೆ ಕಾಯಿಲೆಯಿಂದ ಅವ್ವನ ಎರಡೂ ಕಣ್ಣು ಹೋಗಿದ್ದವು. ಹೋದದ್ದು ಕಣ್ಣಷ್ಟೇ, ದರ್ಬಾರು ಹೋಗಿರಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕೂತು ಹಿಟ್ಟಿನ ಡಬ್ಬಿ ಯಾರು ತೆಗೆದರು, ಎಮ್ಮೆಗೆ ಯಾರು ಹಿಂಡಿ ಹಾಕಲಿಲ್ಲ, ಎಲ್ಲ ಹೇಳುತ್ತಿದ್ದಳು. ತಮ್ಮನದು ಬೇರೆ ಕಥೆ. ಅಣ್ಣನ ಮಣ್ಣು ಮುಗಿಸಿ ಬಂದ ದಿನವೇ ಮನೆಯ ಕೊಡಲಿಯನ್ನು ಕಲ್ಲಿಗೆ ತಿಕ್ಕಿ ಜಂತಿಯಲ್ಲಿ ಸಿಕ್ಕಿಸಿದ. "ಒಂದಕ್ಕ ಎರಡ ತಗೀತೇನಿ" ಎಂದು ಚಹಾದಂಗಡಿಯಲ್ಲಿ ನಿಂತು ಅನ್ನುತ್ತಿದ್ದ. ಅನ್ನುವವನು ಮಾಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಮೇಲಿನ ಹೊಲದವರಿಗೆ ಅದು ಗೊತ್ತಿರಲಿಲ್ಲ. ಅವರು ನಾಲ್ಕು ಜನ ಅಣ್ಣತಮ್ಮಂದಿರು. ಇವನು ಕೊಡಲಿ ಇಳಿಸುವ ಮೊದಲೇ ಇವನನ್ನು ಮುಗಿಸುವುದು ಅವರಿಗೆ ಕಷ್ಟದ ಕೆಲಸವಲ್ಲ.

ಕಡಿದವನನ್ನು ಪೊಲೀಸರು ಹಿಡಿದರು. ಕೆಲವು ತಿಂಗಳಿಗೆ ಜಾಮೀನು ಸಿಕ್ಕಿತು, ಊರಿಗೆ ಕಾಲಿಡಬಾರದೆಂಬ ಷರತ್ತಿನ ಮೇಲೆ. ಸಿಂದಗಿಯಲ್ಲಿ ಅವರ ಬೀಗರ ಮನೆಯಲ್ಲಿ ಉಂಡುಟ್ಟು ಆರಾಮಾಗಿದ್ದ. ಇತ್ತ ಊರಲ್ಲಿ ಶಾಂತಿ ಸಭೆಗಳು ಸುರುವಾದವು.

ನಮ್ಮ ಪಂಚಾಯಿತಿಗೆ ಆಗ ಅಧ್ಯಕ್ಷಳು ಒಬ್ಬ ಹೆಣ್ಣುಮಗಳು. ಹೆಸರಿಗಷ್ಟೇ ಆಕೆ. ಕುರ್ಚಿ, ಮಾತು, ಜೀಪು ಎಲ್ಲ ಆಕೆಯ ಗಂಡನವು. ಸಭೆಯಲ್ಲಿ ಆಕೆ ತಲೆ ತುಂಬ ಸೆರಗು ಹೊದ್ದು ಮೂಲೆಯಲ್ಲಿ ಕೂತಿರುತ್ತಿದ್ದಳು. ಗಂಡ ಪಕ್ಕದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ "ಅಧ್ಯಕ್ಷರ ಅಭಿಪ್ರಾಯ ಏನಂದ್ರ" ಎಂದು ತನ್ನ ಅಭಿಪ್ರಾಯ ಹೇಳುತ್ತಿದ್ದ. ಶಾಂತಿ ಸಭೆಯಲ್ಲಿ ಹೆಣ್ಣುಮಕ್ಕಳೂ ಇರಬೇಕೆಂದು ಮೇಲಿನಿಂದ ಹೇಳಿದ್ದರಂತೆ. ಅದಕ್ಕೇ ಒಮ್ಮೆ ನಮ್ಮನ್ನೂ ಕರೆದರು. ನಾನು ಬಾಗೇವಾಡಿಯಿಂದ ರಜೆ ಹಾಕಿ ಬಂದೆ. ಗಂಡಸರಿಗೆ ಕುರ್ಚಿ, ನಮಗೆ ಬಾಗಿಲ ಬಳಿ ಜಮಖಾನೆ. ನಮ್ಮ ಪಾಲಿಗೆ ಬಂದ ಮಾತು ಒಂದೇ: ಚಹಾ ಎಲ್ಲರಿಗೂ ಮುಟ್ಟಿತೋ ಇಲ್ಲವೋ ನೋಡಿ ಎಂಬುದು.

ಸಭೆ ಮುಗಿದ ಮೇಲೆ ಅಧ್ಯಕ್ಷಳ ಗಂಡ ನನ್ನನ್ನು ಕಟ್ಟೆಯ ಬಳಿ ನಿಲ್ಲಿಸಿಕೊಂಡ. ದನಿಯಲ್ಲಿ ಬೆಣ್ಣೆ.

"ತಂಗಿ, ನೀ ನಾಕ ಅಕ್ಷರ ಕಲತಾಕಿ, ಶಾಣ್ಯಾಕಿ ಅದಿ. ನಿಮ್ಮ ವೈನಿಗಿ ಒಂದ್ ಮಾತ ತಿಳಿಸಿ ಹೇಳು. ಕೋರ್ಟಿನ್ಯಾಗ ಆಕಿ ನೋಡಿಲ್ಲ ಅಂದ್ರ ಮುಗೀತು. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಇದು ಗಂಡಸರ ಕೈಲಿ ಆಗೂ ಕೆಲಸ ಅಲ್ಲ. ಶಾಂತಿ ಅನ್ನೂದು ಯಾವಾಗಿದ್ರೂ ಹೆಣ್ಣಮಕ್ಕಳ ಕೈಯಾಗ ಐತಿ."

"ಕೊಡ್ಲಿ ಗಂಡಸರ ಕೈಯಾಗ, ಶಾಂತಿ ಹೆಣ್ಣಮಕ್ಕಳ ಕೈಯಾಗ. ಚಲೋ ಪಾಲ ಹಂಚೀರಿ ಬಿಡ್ರಿ" ಎಂದೆ.

ಅವನ ಮುಖ ಕಪ್ಪಿಟ್ಟಿತು. ವೈನಿ ನನ್ನ ಹಿಂದೆಯೇ ನಿಂತಿದ್ದಳು. ಎಂದೂ ಮಾತಾಡದವಳು ಅಂದು ಅವನಿಗೆ ಕೇಳುವಂತೆ ಹೇಳಿದಳು, "ಸಾಯಾಂವ ಸತ್ತ ಹೋಗ್ಯಾನ್ರಿ. ನಾ ಏನ ನೋಡೇನಿ, ಅದನ್ನ ಹೇಳ್ತೇನಿ. ಹೆಚ್ಚಿಲ್ಲ, ಕಡಿಮಿಲ್ಲ."

ನನಗೆ ಖುಷಿಯಾಯಿತು. ಅಣ್ಣ ಸತ್ತ ಮೇಲೆ ಮೊದಲ ಸಲ ಆ ಮನೆಯಲ್ಲಿ ಒಬ್ಬರಾದರೂ ಬೆನ್ನೆಲುಬು ಇದ್ದವರಿದ್ದಾರೆ ಅನ್ನಿಸಿತು. ಆಕೆ ಆ ಒಂದು ಮಾತು ಕೋರ್ಟಿನಲ್ಲಿ ಆಡಿದರೆ ಸಾಕಿತ್ತು. ಬೇರೆ ಸಾಕ್ಷಿ ಇರಲಿಲ್ಲ. ಕಾಲುವೆಯ ಮೇಲೆ ಆ ಹೊತ್ತಿಗೆ ಬೇರೆ ಯಾರೂ ಇರಲಿಲ್ಲ, ಇದ್ದಿದ್ದರೂ ತಾವು ಇರಲಿಲ್ಲ ಅನ್ನುತ್ತಿದ್ದರು.

ಆಮೇಲೆ ಬಂದದ್ದು ದಸರೆ. ಅಣ್ಣ ಸತ್ತ ಮೇಲಿನ ಎರಡನೆಯ ದಸರೆ. ಮೊದಲನೆಯದು ವರ್ಷದೊಳಗಿನದು, ಮಾಡಿರಲಿಲ್ಲ. ನಮ್ಮ ಕಡೆ ಆ ಸಂಜೆ ಬನ್ನಿ ಗಿಡದ ಎಲೆ ಕಿತ್ತು ತಂದು ಒಬ್ಬರಿಗೊಬ್ಬರು ಕೊಡುತ್ತಾರೆ. ಆ ದಿನ ಎಲೆಯಲ್ಲ ಅದು, ಬಂಗಾರ. ಕೈಯಲ್ಲಿಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅನ್ನಬೇಕು, ಹಿರಿಯರಾದರೆ ಕಾಲು ಮುಟ್ಟಬೇಕು. ವರ್ಷಗಟ್ಟಲೆ ಮಾತು ಬಿಟ್ಟವರು ಆ ದಿನ ಬನ್ನಿ ಹಿಡಿದು ಬಂದರೆ ಬೇಡ ಅನ್ನುವಂತಿಲ್ಲ. ತೆಗೆದುಕೊಂಡರೆ ಜಗಳ ಮುಗಿಯಿತು. ಮತ್ತೆ ಆ ಮಾತು ಎತ್ತಿದವನಿಗೆ ಊರು ಉಗುಳುತ್ತದೆ. ಮುಸಲ್ಮಾನರ ಓಣಿಯ ಹಿರಿಯರೂ ನಮ್ಮ ಮನೆಗೆ ಬಂದು ಬನ್ನಿ ಕೊಟ್ಟು ಹೋಗುತ್ತಾರೆ, ನಾವು ಅವರ ಹಬ್ಬಕ್ಕೆ ಶ್ಯಾವಿಗೆಯ ಸುರಕುಂಬಾ ಕುಡಿದು ಬರುತ್ತೇವೆ. ಕೋರ್ಟು ಕಚೇರಿ ಆಮೇಲಿನವು. ನಮ್ಮ ಊರಲ್ಲಿ ಕೊನೆಯ ತೀರ್ಪು ಈ ಎಲೆ.

ಆ ಸಂಜೆ ಅವ್ವನನ್ನು ಪಡಸಾಲೆಯಲ್ಲಿ ಕೂರಿಸಿದ್ದೆವು. ಓಣಿಯವರೆಲ್ಲ ಒಬ್ಬೊಬ್ಬರಾಗಿ ಬಂದು ಕೈಯಲ್ಲಿ ಬನ್ನಿ ಇಟ್ಟು ಕಾಲು ಮುಟ್ಟಿ ಹೋಗುತ್ತಿದ್ದರು. ಅವ್ವ ಯಾರೆಂದು ಕೇಳುತ್ತಿರಲಿಲ್ಲ. "ಬಂಗಾರದಂಗ ಇರ್ರಿ" ಎಂದು ಎಲ್ಲರ ತಲೆ ಸವರುತ್ತಿದ್ದಳು. ನಾನು ಮತ್ತು ವೈನಿ ಒಳಗೆ ಒಲೆಯ ಮುಂದೆ ಇದ್ದೆವು. ಹೊರಗೆ ಒಮ್ಮೆಲೇ ಗದ್ದಲ ನಿಂತಿತು. ಹಿಟ್ಟಿನ ಕೈಯಲ್ಲೇ ಓಡಿ ಬಂದೆ.

ಕಡಿದವನ ತಾಯಿ ಅವ್ವನ ಮುಂದೆ ಮಂಡಿಯೂರಿ ಕೂತಿದ್ದಳು. ಹಸಿರು ಎಲೆ ಆಗಲೇ ಅವ್ವನ ಅಂಗೈಯಲ್ಲಿತ್ತು. ಅವ್ವನ ಇನ್ನೊಂದು ಕೈ ಆಕೆಯ ತಲೆಯ ಮೇಲಿತ್ತು.

"ಬಂಗಾರದಂಗ ಇರ್ರಿ" ಎಂದಳು ಅವ್ವ.

ಬಾಗಿಲ ಹೊರಗೆ ಅಧ್ಯಕ್ಷಳ ಗಂಡ ನಿಂತಿದ್ದ. ಅವನ ಹಿಂದೆ ಊರ ನಾಲ್ಕು ಮಂದಿ. ಸಾಕ್ಷಿಗೆ ಬಂದಿದ್ದರು, ಮತ್ತೇನು! ಕಣ್ಣಿಲ್ಲದ ಮುದುಕಿಗೆ ಎಲೆ ಹಿಡಿಸಿ ಅಣ್ಣನ ಹೆಣದ ಮೇಲೆ ರಾಜಿ ಮಾಡಿಕೊಂಡರು. "ಮುಗೀತು ಮುಗೀತು, ಎರಡೂ ಮನೀದು ಮುಗೀತು" ಎಂದು ಯಾರೋ ಕೂಗಿದರು. ನಾನು ಕಡಿದವನ ತಾಯಿಯ ರಟ್ಟೆ ಹಿಡಿದು ಎಬ್ಬಿಸಿ ಹೊಸ್ತಿಲ ಆಚೆ ದೂಡಿದೆ. ಅವ್ವನ ಕೈಯಿಂದ ಎಲೆ ಕಸಿದು ಅಂಗಳಕ್ಕೆ ಬಿಸಾಡಿದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಹಬ್ಬದ ದಿನ, ಹೆಣ್ಣುಮಗಳು ಇಂಥ ಮಾತು ಆಡಬಾರದು ಎಂದು ಒಬ್ಬ ಹಿರಿಯ ಬುದ್ಧಿ ಹೇಳಿದ. ಅವನಿಗೂ ಒಂದಷ್ಟು ಹಾಕಿದೆ. ಏನು ಮಾಡಿದರೇನು? ತೆಗೆದುಕೊಂಡದ್ದು ತೆಗೆದುಕೊಂಡದ್ದೇ.

ಮರುದಿನ ಮುಂಜಾನೆ ಅವ್ವನ ತಲೆ ಬಾಚುತ್ತ ಹೇಳಿದೆ, "ನಿನಗ ಗೊತ್ತಾಗದಂಗ ಮೋಸ ಮಾಡ್ಯಾರ ಅವ್ವಾ. ಬಂದಾಕಿ ಯಾರು ಗೊತ್ತೈತೇನ? ನಿನ್ನ ಮಗನ್ನ ಕಡದಾಂವನ ಅವ್ವ. ನಾವು ಊರ ಮುಂದ ಹೇಳೂಣು, ಕಣ್ಣಿಲ್ಲದಾಕಿ, ತಿಳೀಲಿಲ್ಲ ಅಂತ. ತಿಳೀದ ತಗೊಂಡ ಬನ್ನಿ ಬನ್ನಿ ಅಲ್ಲ."

ವೈನಿ ಕಸ ಗುಡಿಸುವುದನ್ನು ನಿಲ್ಲಿಸಿ ನಿಂತಳು.

ಅವ್ವ ಅಂದಳು, "ಗೊತ್ತಿತ್ತು."

"ಏನ ಗೊತ್ತಿತ್ತು?"

"ಆಕಿ ಕೈ ನನಗ ಗೊತ್ತಿಲ್ಲೇನ ಖೋಡಿ? ಮದಿವ್ಯಾಗಿ ಈ ಓಣಿಗಿ ಇಬ್ಬರೂ ಒಂದ ವರ್ಷ ಬಂದೇವಿ. ಗಿರಣಿ ಬರೂ ತನಕ ಒಂದ ಬೀಸುಕಲ್ಲಿಗಿ ಎದರಾಬದರ ಕುಂತು ಒಂದ ಗೂಟ ಹಿಡದು ಬೀಸೇವಿ. ಕೈಮ್ಯಾಗ ಕೈ ಇಟ್ಟು ಬೀಸೇವಿ. ಎಲಿ ಇಡಾಕ ಬಂದ ಕೂಡ್ಲೇ ತಿಳೀತು."

"ಮತ್ತ ಯಾಕ ತಗೊಂಡಿ?"

"ಒಬ್ಬಂವ ಹ್ವಾದ. ಇನ್ನೊಬ್ಬಂವ ಅದಾನ. ಅವನ ತಲೀ ಕಾಯಬೇಕಲ್ಲ." ಅವ್ವನ ದನಿಯಲ್ಲಿ ಅಳುವೂ ಇರಲಿಲ್ಲ, ಅಳುಕೂ ಇರಲಿಲ್ಲ. "ಅವರು ನಾಕ ಮಂದಿ, ಇಂವ ಒಬ್ಬಂವ, ಬರೇ ಬಾಯಿಬಡಕ. ಸತ್ತಾಂವಗ ಎಷ್ಟ ಅತ್ತರೂ ಎದ್ದ ಬರೂದಿಲ್ಲ. ಇದ್ದಾಂವನ್ನ ಉಳಿಸಿಕೊಂಡೆ. ನೀ ಹಡದಾಕಿ ಅಲ್ಲೇನ, ತಿಳಿಬೇಕ ನಿನಗ."

ಬಾಚಣಿಕೆ ನನ್ನ ಕೈಯಲ್ಲೇ ಉಳಿಯಿತು. ನನಗೆ ಸಿಟ್ಟು ಬಂದದ್ದು ಆಕೆ ತೆಗೆದುಕೊಂಡದ್ದಕ್ಕಲ್ಲ. ಆ ಲೆಕ್ಕದಲ್ಲಿ ವೈನಿ ಎಲ್ಲಿಯೂ ಇರಲಿಲ್ಲ. ಒಬ್ಬ ಮಗ ಹೋದ, ಒಬ್ಬ ಮಗ ಉಳಿದ. ನಡುವೆ ಕಸಬರಿಗೆ ಹಿಡಿದು ನಿಂತ ಹೆಣ್ಣಿಗೆ ಗಂಡ ಸತ್ತಿದ್ದಾನೆ ಎಂಬುದೇ ಅವ್ವನಿಗೆ ಲೆಕ್ಕಕ್ಕಿಲ್ಲ.

ವೈನಿ ಕೇಳಿದಳು, "ಅತ್ತೀ, ನೀವು ನಿಮ್ಮ ಮಗನ್ನ ಉಳಿಸಿಕೊಂಡ್ರಿ. ನನಗ ಯಾರ ಉಳದ್ರು?"

"ಮಗಳದಾಳಲ್ಲ" ಎಂದಳು ಅವ್ವ. "ಆಕಿ ಉಳೀಬೇಕಂದ್ರ ನೀನೂ ಬಾಯಿ ಮುಚ್ಚು. ಬನ್ನಿ ತಗೊಂಡ ಮನಿ ಇದು. ನೀ ಕೋರ್ಟಿಗಿ ಹೋಗಿ ನೋಡೇನಿ ಅಂದ್ರ ನಾಳಿಂದ ಈ ಮನ್ಯಾಗ ನೀ ಇಲ್ಲ. ಅಗರಖೇಡದ ಹಾದಿ ನಿನಗ ಗೊತ್ತೈತಿ. ಕೂಸು ನಮ್ಮ ವಂಶದ್ದು, ಅದು ಇಲ್ಲೇ ಇರ್ತೈತಿ."

ನನ್ನವ್ವ ಕಟುಕಿಯೆಂದು ನನಗೆ ಚಿಕ್ಕಂದಿನಿಂದ ಗೊತ್ತು. ಗಂಡುಮಕ್ಕಳಿಗೆ ಕೆನೆ, ನನಗೆ ಮಜ್ಜಿಗೆ ಬಡಿಸಿದವಳು. ಆದರೂ ಆ ಮುಂಜಾನೆ ಆಕೆಯ ತಲೆಗೂದಲು ನನ್ನ ಮುಷ್ಟಿಯಲ್ಲಿದ್ದಾಗ ಎಳೆದುಬಿಡಲೇ ಅನ್ನಿಸಿತು. ಎಳೆಯಲಿಲ್ಲ. ಜಡೆ ಹೆಣೆದು ಎದ್ದೆ. ವೈನಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಹೆದರಬೇಡ, ಕೂಸನ್ನು ಯಾರೂ ಕಸಿದುಕೊಳ್ಳಲಾರರು, ಕಾಯಿದೆ ಇದೆ, ನಾನಿದ್ದೇನೆ ಎಂದೆಲ್ಲ ಹೇಳಿದೆ. ಆಕೆ ಗೋಣು ಹಾಕಿದಳು. ಗೋಣು ಹಾಕುವುದಕ್ಕೆ ನಮ್ಮಲ್ಲಿ ಅರ್ಥವೇ ಇಲ್ಲ. ಹೆಣ್ಣುಮಕ್ಕಳು ಹುಟ್ಟಿದಾಗಿನಿಂದ ಹಾಕುತ್ತಾರೆ.

ಕೋರ್ಟಿನಿಂದ ಕರೆ ಬಂದಾಗ ನಾನೂ ಜೊತೆಗೆ ಹೋದೆ. ಜಿಲ್ಲಾ ಕೋರ್ಟಿನ ಹೊರಗೆ ಬೇವಿನ ಗಿಡದ ಕೆಳಗೆ ವೈನಿಗೆ ಚಹಾ ಕೊಡಿಸಿದೆ. ಆಕೆ ಕುಡಿಯಲಿಲ್ಲ, ಕಪ್ಪು ಹಿಡಿದುಕೊಂಡು ಕೂತಳು. ಆಗ ಅಧ್ಯಕ್ಷಳ ಗಂಡನ ಜೀಪು ಬಂತು. ತಮ್ಮ ಇಳಿದ. ಅವನ ಹಿಂದೆ ಅವ್ವ ಇಳಿದಳು. ಅವ್ವನ ಕೈ ಹಿಡಿದುಕೊಂಡು ವೈನಿಯ ಮಗಳು ಇಳಿದಳು, ಸಾಲಿ ಬಿಡಿಸಿ ಕರೆದುಕೊಂಡು ಬಂದಿದ್ದರು. ಮೂವರನ್ನೂ ಒಳಗೆ ಮುಂದಿನ ಬೆಂಚಿನಲ್ಲಿ ಕೂರಿಸಿದರು. ಅವ್ವ ಕೂಸನ್ನು ತೊಡೆಗೆ ಒತ್ತಿ ಹಿಡಿದುಕೊಂಡಿದ್ದಳು.

ಸರ್ಕಾರಿ ವಕೀಲರು ಕೇಳಿದರು, ಆ ದಿನ ಏನು ನೋಡಿದಿರಿ? ವೈನಿ ಕಟಕಟೆಯ ಕಟ್ಟಿಗೆ ಹಿಡಿದು ನಿಂತಿದ್ದಳು. ಮಗಳ ಕಡೆ ನೋಡಿದಳು.

"ನಾ ಏನೂ ನೋಡಿಲ್ರೀ" ಎಂದಳು.

ವಕೀಲರು ಮತ್ತೆ ಕೇಳಿದರು. ಪೊಲೀಸರ ಮುಂದೆ ಹೇಳಿದ್ದನ್ನು ಓದಿ ತೋರಿಸಿದರು. "ತೊಗರಿ ಎತ್ತರಿತ್ರೀ. ಕಾಣಲಿಲ್ರೀ." ಅಷ್ಟೇ. ಕಡಿದವನು ಆ ಕಡೆ ಇಸ್ತ್ರಿ ಅಂಗಿ ತೊಟ್ಟು ಕೈ ಕಟ್ಟಿ ನಿಂತಿದ್ದ. ಅವನ ಮುಖ ನೋಡಬೇಕಿತ್ತು! ಯಾರೋ ಅವನಿಗೆ ಮಾಡಿದ ಅನ್ಯಾಯವನ್ನು ಅವನೇ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದಂತಿತ್ತು.

ಹೊರಗೆ ಬಂದ ಮೇಲೆ ನಾನು ವೈನಿಗೆ ಅಂದೆ, "ನೋಡೂ ಕಣ್ಣು ಇದ್ದೂ ಕುರುಡಾದಿ. ನಮ್ಮವ್ವಗ ಕಣ್ಣು ಹೋಗ್ಯಾವ, ನಿನಗ ಮಾನ ಹೋಗೇತಿ." ಈ ಮಾತು ಕೆಟ್ಟದ್ದೆಂದು ಆಮೇಲೆ ನನ್ನ ಗಂಡ ಹೇಳಿದ. ಇರಬಹುದು. ನನ್ನ ಅಣ್ಣನನ್ನು ಎರಡನೆಯ ಸಲ ಕೊಂದ ದಿನ ಅದು. ಒಳ್ಳೆಯ ಮಾತು ಹುಡುಕುತ್ತ ಕೂರಲು ನನಗೆ ಪುರಸೊತ್ತಿರಲಿಲ್ಲ. ವೈನಿ ಮಗಳನ್ನು ಅವ್ವನ ಕೈಯಿಂದ ಬಿಡಿಸಿಕೊಂಡು, ಆ ಕೂಸಿನ ಮೂಗು ತನ್ನ ಸೆರಗಿನಲ್ಲಿ ಒರೆಸಿ, ಜೀಪು ಹತ್ತಿದಳು. ನಾನು ಬಾಗೇವಾಡಿಯ ಬಸ್ಸು ಹಿಡಿದೆ.

ಕೇಸು ಬಿದ್ದು ಹೋಯಿತು. ಕಡಿದವನು ಸಿಂದಗಿಯಿಂದ ಊರಿಗೆ ಬಂದ. ನೀರಿನ ಪಾಳಿಯಲ್ಲಿ ಇನ್ನು ಮೇಲೆ ಮೊದಲ ಸರದಿ ನಮ್ಮ ಮನೆಗೆ ಎಂದು ಹಿರಿಯರು ಮಾತಾಡಿ ಮುಗಿಸಿದ್ದರು. ತಮ್ಮ ಜಂತಿಯ ಕೊಡಲಿ ಇಳಿಸಿ ಅದರಿಂದಲೇ ಜಾಲಿ ಸವರಿ ಹೊಲಕ್ಕೆ ಬೇಲಿ ಹಾಕಿದ. ಆ ವರ್ಷ ನಮ್ಮ ಕಬ್ಬು ಎಂದೂ ಕಾಣದಷ್ಟು ಎದ್ದು ನಿಂತಿತ್ತು. "ಏನಕ್ಕಾ, ಕಬ್ಬು ನೋಡಿದೇನ?" ಎಂದು ನನ್ನನ್ನು ಬದುವಿಗೆ ಕರೆದುಕೊಂಡು ಹೋಗಿ ತೋರಿಸಿದ. ಅಣ್ಣ ಬಿದ್ದ ಜಾಗದಿಂದ ನಾಲ್ಕು ಮಾರು ದೂರದಲ್ಲಿ ನಿಂತು ತೋರಿಸಿದ. ನಾನು ನೋಡಿದೆ. "ಅಣ್ಣನ ಮ್ಯಾಲ ಬೆಳದೈತಿ, ಸಿಹಿ ಹೆಚ್ಚಿರಬೇಕು" ಎಂದೆ. ನನ್ನ ಬಾಯಿ ಮೊದಲಿನಿಂದಲೂ ಹೊಲಸು ಎಂದು ನಕ್ಕುಬಿಟ್ಟ.

ಮಾರ್ಚಿನಲ್ಲಿ ಸಾಲಿ ಮೈದಾನದಲ್ಲಿ ಪೆಂಡಾಲು ಹಾಕಿದರು. ದೊಡ್ಡ ಬ್ಯಾನರು: ಶಾಂತಿ ಸ್ಥಾಪನೆಯಲ್ಲಿ ಮಹಿಳೆಯರ ಪಾತ್ರ. ಕೆಳಗೆ ಅಧ್ಯಕ್ಷಳ ಗಂಡನ ಫೋಟೋ ದೊಡ್ಡದು, ಅಧ್ಯಕ್ಷಳದು ಅಂಚೆಚೀಟಿಯಷ್ಟು. ರಕ್ತ ಹರಿಯಬೇಕಾಗಿದ್ದ ಊರಲ್ಲಿ ಶಾಂತಿ ತಂದ ಮಾತೆಯರಿಗೆ ಸನ್ಮಾನವಂತೆ. ನಾನು ಬರುವುದಿಲ್ಲ ಎಂದಿದ್ದೆ. ಅವ್ವನನ್ನು ವೇದಿಕೆ ಹತ್ತಿಸಲು, ಇಳಿಸಲು, ಹಿಂದೆ ನಿಂತು ನೋಡಿಕೊಳ್ಳಲು ಯಾರಾದರೂ ಬೇಕು ಎಂದು ಹೇಳಿ ಕಳಿಸಿದರು. ಹೋದೆ. ಕೆಟ್ಟದ್ದನ್ನು ಪೂರ್ತಿ ನೋಡಿಯೇ ಬಿಡಬೇಕೆಂಬ ಹಟ ನನಗೆ ಯಾವಾಗಲೂ ಇದೆ.

ವೇದಿಕೆಯ ನಡುವೆ ಮೂರು ಕುರ್ಚಿ. ಅವ್ವ, ಅವಳ ಪಕ್ಕ ಕಡಿದವನ ತಾಯಿ, ಆಮೇಲೆ ವೈನಿ. ಅವ್ವನ ಹಿಂದೆ ನಾನು, ಅವಳ ಹೆಗಲ ಮೇಲೆ ಕೈ ಇಟ್ಟು ನಿಂತಿದ್ದೆ. ಕೆಳಗೆ ಮುಂದಿನ ಸಾಲಿನಲ್ಲಿ ಕಡಿದವನು, ಅವನ ಅಣ್ಣತಮ್ಮಂದಿರು. ನನ್ನ ತಮ್ಮ ಬಿಳಿ ಅಂಗಿ ಹಾಕಿಕೊಂಡು ಬಂದವರಿಗೆಲ್ಲ ನೀರಿನ ಬಾಟಲಿ ಹಂಚುತ್ತಿದ್ದ. ಸ್ವಾಗತ ಹಾಡು ಹಾಡಿದ ಸಾಲಿ ಹುಡುಗಿಯರು ಒಂದು ಬದಿಗೆ ನೆಲದ ಮೇಲೆ ಕೂತಿದ್ದರು, ಅವರಲ್ಲಿ ವೈನಿಯ ಮಗಳೂ ಇದ್ದಳು.

ಸನ್ಮಾನ ಸುರುವಾಯಿತು. ಅರಿಷಿಣ ಕುಂಕುಮದ ತಟ್ಟೆ ಹಿಡಿದ ಹೆಣ್ಣುಮಗಳು ಅವ್ವನನ್ನು ದಾಟಿ ಮೊದಲು ಕಡಿದವನ ತಾಯಿಗೆ ಹಚ್ಚಿ ಮಲ್ಲಿಗೆ ಮುಡಿಸಿದಳು. ಅವಳ ಗಂಡ ಬದುಕಿದ್ದ, ಮುತ್ತೈದೆ. ಆಮೇಲೆ ವೈನಿಯ ಮುಂದೆ ಬಂದು ಒಂದು ಕ್ಷಣ ಗಲಿಬಿಲಿಗೊಂಡು ತಟ್ಟೆ ಹಿಂದಕ್ಕೆಳೆದುಕೊಂಡು ಹೋದಳು. ಶಾಲು ಮಾತ್ರ ಹೊದಿಸಿದರು. ಕೊಡಲಿ ಆ ಮನೆಯದು, ಕುಂಕುಮವೂ ಆ ಮನೆಗೇ. ನೋಡುತ್ತ ಕೂತಿದ್ದ ಅಷ್ಟು ಹೆಂಗಸರಲ್ಲಿ ಯಾರಿಗೂ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ.

ವಿಜಯಪುರದಿಂದ ಬಂದ ಅಧಿಕಾರಿ ಮೇಡಂ ಭಾಷಣ ಮಾಡಿದರು. ಹೆಣ್ಣು ಕ್ಷಮಯಾಧರಿತ್ರಿ, ಹೆಣ್ಣು ಮನಸ್ಸು ಮಾಡಿದರೆ ಊರು ಉಳಿಯುತ್ತದೆ, ಇತ್ಯಾದಿ. ಪಾಪ, ಆಕೆಗೆ ಏನು ಹೇಳಿದ್ದರೋ ಅದನ್ನೇ ನಂಬಿದ್ದರು. ಆಮೇಲೆ ಅಧ್ಯಕ್ಷಳ ಗಂಡ ಮೈಕು ತೆಗೆದುಕೊಂಡ.

"ಇವತ್ತಿನ ದಿವಸ ಇನ್ನೊಂದು ಸಂತೋಷದ ಸುದ್ದಿ ಐತ್ರಿ. ಈ ಎರಡೂ ಮನಿ ಇನ್ ಮ್ಯಾಲ ವೈರಿಗಳಲ್ಲ, ಬೀಗರು! ತೀರಿಹೋದ ನಮ್ಮ ತಮ್ಮನ ಮಗಳನ್ನ ಮೇಲಿನ ಹೊಲದವರ ಹಿರಿಯಣ್ಣ ತನ್ನ ಮಗನಿಗಿ ಮಾಡಿಕೊಳ್ಳಾಕ ಒಪ್ಪ್ಯಾನ. ಇದರ ಮುಂದ ಯಾವ ರಾಜಿ ಐತ್ರಿ?"

ಮೇಡಂ ಹುಬ್ಬು ಗಂಟಿಕ್ಕಿ, ಹುಡುಗಿಗೆ ವಯಸ್ಸೆಷ್ಟು ಎಂದು ಕೇಳಿದರು. "ಈಗಲ್ರಿ ಮೇಡಂ, ಹದಿನೆಂಟ ತುಂಬಿದ ಮ್ಯಾಲ. ಇದು ಬರೇ ಮಾತ್ರಿ" ಎಂದ. ಮೇಡಂ ಸಮಾಧಾನಗೊಂಡರು. ಚಪ್ಪಾಳೆ ಬಿತ್ತು. ಹುಡುಗಿಯರ ಗುಂಪಿನಲ್ಲಿ ಗೆಳತಿಯರು ವೈನಿಯ ಮಗಳನ್ನು ಚಿವುಟಿ ಕಿಸಿಕಿಸಿ ನಕ್ಕರು. ಆ ಕೂಸು ಏನೂ ತಿಳಿಯದೆ ತಾನೂ ನಕ್ಕಿತು.

ವೈನಿ ನನ್ನ ಕಡೆ ತಿರುಗಿ ನೋಡಿದಳು. ನನಗೂ ಗೊತ್ತಿರಲಿಲ್ಲ, ಅದು ಆಕೆಗೆ ನನ್ನ ಮುಖದ ಮೇಲೆ ಕಂಡಿರಬೇಕು. ಆಮೇಲೆ ಅವ್ವನನ್ನು ನೋಡಿದಳು. ಅವ್ವ ಸಣ್ಣಗೆ ಅಂದಳು, "ಮಾತ ಆಗೇತಿ. ಸುಮ್ಮ ಕೂಡು."

"ಈ ತಾಯಿ ಎರಡ ಮಾತ ಆಡಬೇಕು" ಎಂದು ಅಧ್ಯಕ್ಷಳ ಗಂಡ ಮೈಕನ್ನು ವೈನಿಯ ಕೈಗೆ ಕೊಟ್ಟ. ಏನು ಹೇಳಬೇಕೆಂದು ಮೊದಲೇ ಕಲಿಸಿದ್ದರು: ಎಲ್ಲರಿಗೂ ನಮಸ್ಕಾರ, ನನಗ ಸಂತೋಷ ಆಗೇತಿ. ಅಷ್ಟೇ ಹೇಳಿ ಕೂರಬೇಕಿತ್ತು.

ವೈನಿ ಎದ್ದು ನಿಂತಳು. ಶಾಲು ತೆಗೆದು ಕುರ್ಚಿಯ ಮೇಲಿಟ್ಟಳು.

"ಎಲ್ಲಾರಿಗೂ ನಮಸ್ಕಾರ್ರೀ. ನಾ ನೋಡೇನ್ರಿ. ನನ್ನ ಗಂಡನ್ನ ಕಡದಾಂವ ಇಲ್ಲೇ ಮುಂದ ಕುಂತಾನ. ಹಲಗಿ ಎತ್ತಾಕ ಬಗ್ಗಿದಾಗ ಹಿಂದಿನಿಂದ ಹೊಡದಾನ. ಬಿದ್ದ ಮ್ಯಾಲ ಮತ್ತ ಹೊಡದಾನ. ಕೋರ್ಟಿನ್ಯಾಗ ನಾ ಸುಳ್ಳ ಹೇಳೇನಿ. ಮಗಳ ಸಲುವಾಗಿ ಹೇಳೇನಿ. ಈಗ ಆ ಮಗಳನ್ನೂ ಅವರಿಗೇ ಕೊಡ್ತಾರಂತ. ಹಂಗಾದ್ರ ನಾ ಯಾಕ ಸುಳ್ಳ ಹೇಳ್ಲಿ?"

ಪೆಂಡಾಲಿನ ಹಿಂದಿನ ಸಾಲಿನಲ್ಲಿ ಇಬ್ಬರು ಮೂವರು ರೂಢಿಯಂತೆ ಚಪ್ಪಾಳೆ ತಟ್ಟಿ, ಯಾರೂ ತಟ್ಟುತ್ತಿಲ್ಲವೆಂದು ಕಂಡು ನಿಲ್ಲಿಸಿದರು. ಮೈಕಿನ ತಂತಿ ಯಾರೋ ಕಿತ್ತರು. ಮೇಡಂ ಏನಾಯಿತೆಂದು ಪಕ್ಕದವರನ್ನು ಕೇಳುತ್ತಿದ್ದರು. ಕಡಿದವನು ಕೂತಲ್ಲೇ ಕೂತು ಕಾಲುಂಗುಟದಿಂದ ನೆಲ ಕೆರೆಯುತ್ತಿದ್ದ. ಅವನಿಗೆ ಹೆದರಿಕೆ ಏನೂ ಇರಲಿಲ್ಲ, ಕೋರ್ಟೇ ಬಿಟ್ಟ ಮನುಷ್ಯ. ವೈನಿ ವೇದಿಕೆ ಇಳಿದು, ಹುಡುಗಿಯರ ನಡುವಿನಿಂದ ಮಗಳ ಕೈ ಹಿಡಿದು ಎಬ್ಬಿಸಿಕೊಂಡು, ಯಾರ ಮುಖವನ್ನೂ ನೋಡದೆ ಗೇಟಿನ ಕಡೆ ನಡೆದಳು. ಕೂಸಿನ ಚಪ್ಪಲಿ ಅಲ್ಲೇ ಉಳಿದವು. ತಮ್ಮ ಬಾಟಲಿ ಹಿಡಿದುಕೊಂಡು ಅಡ್ಡ ಬಂದ. ಆಕೆ ನಿಲ್ಲಲಿಲ್ಲ, ಅವನೇ ಸರಿದ.

ಅಧ್ಯಕ್ಷಳ ಗಂಡ ಅತ್ತಿತ್ತ ಓಡಾಡಿ, ಪಾಪ, ದುಃಖದಿಂದ ತಲೆ ಕೆಟ್ಟೈತಿ, ನೀವು ಫೋಟೋ ತಗೀರಿ, ಬೇಗ ತಗೀರಿ ಎಂದು ಫೋಟೋದವನಿಗೆ ಹೇಳಿದ. ಫೋಟೋದವನು ಮುಂದೆ ಬಂದ. "ಇಬ್ಬರೂ ಅಜ್ಜಿಗೋಳು ಸ್ವಲ್ಪ ಹಂತೇಕ ಸರಕೋರಿ. ಇಲ್ಲಿ ನೋಡ್ರಿ" ಎಂದ.

ಕಡಿದವನ ತಾಯಿ ಅವ್ವನ ಕಡೆ ಬಾಗಿದಳು. ಬಹಳ ಸಣ್ಣ ದನಿ. ಹಿಂದೆ ನಿಂತ ನನಗೆ ಕೇಳಿತು. "ಆಕಿ ಹೇಳಿದ್ದು ಖರೇ ಐತೆವಾ. ಆವತ್ತ ಅವನ ಅಂಗಿ ನಾನ ಒಗದೇನಿ. ಪೊಲೀಸರು ಬರೂದ್ರಾಗ ಒಗದು ಹಿತ್ತಲದಾಗ ಒಣಗಾಕ ಹಾಕೇನಿ."

"ಗೊತ್ತೈತಿ" ಎಂದಳು ಅವ್ವ. "ಸುಮ್ಮ ಕೂಡು. ಫೋಟೋ ತಗ್ಯಾಕತ್ತಾರ."

ಹೇಳಿ, ಕಣ್ಣಿಲ್ಲದ ನನ್ನವ್ವ ಸೆರಗು ಸರಿಮಾಡಿಕೊಂಡು ದನಿ ಬಂದ ಕಡೆಗೆ ಮುಖ ಎತ್ತಿದಳು. ಕೈ ಚಾಚಿ ಪಕ್ಕದವಳ ಕೈಯನ್ನು ಹುಡುಕಿ ಹಿಡಿದುಕೊಂಡಳು.

ನಾನು ಅವ್ವನ ಹೆಗಲ ಮೇಲಿಂದ ಕೈ ತೆಗೆದೆ. ಹಿಂದಿನ ಮೆಟ್ಟಿಲು ಇಳಿದು, ಆ ಕೂಸಿನ ಚಪ್ಪಲಿ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಓಡಿದೆ. ವೈನಿ ಅಗರಖೇಡಕ್ಕೆ ಹೊರಟಿದ್ದಳು. ಇಂಡಿ ಬಸ್ಸು ಸಿಗುವ ಊರಿನ ತನಕ ಅವರ ಜೊತೆ ಹೋದೆ. ದಾರಿಯಲ್ಲಿ ಕೂಸಿನ ಕಾಲಿಗೆ ಚಪ್ಪಲಿ ನಾನೇ ಹಾಕಿದೆ. ಅವ್ವನನ್ನು ಆ ದಿನ ವೇದಿಕೆಯಿಂದ ಯಾರು ಕೆಳಗಿಳಿಸಿದರೋ ನನಗೆ ಗೊತ್ತಿಲ್ಲ. ನಾನು ಕೇಳಿಯೂ ಇಲ್ಲ.